ಉಪಾಧ್ಯಾಯರ ಪದವಿಯೂ ಅದರ ಸಾಲವೂ

ಪ್ರತಿವರ್ಷವೂ ಪದವಿ ಪರೀಕ್ಷೆಗಳ ಫಲಿತಾಂಶ ಹೊರಬಿದ್ದು, ಶಿಕ್ಷಣ ಮಹಾವಿದ್ಯಾಲಯಗಳ ಬಾಗಿಲಲ್ಲಿ ಪ್ರವೇಶಾರ್ಥಿಗಳು ನೆರೆಯುವ ಸಮಯಕ್ಕೆ ಸರಿಯಾಗಿ, ಬಿ.ಎಡ್. ಪದವಿಯನ್ನು ಸಾಲಮಾಡಿಯಾದರೂ ಸಂಪಾದಿಸಬೇಕೆ ಎಂಬ ಪ್ರಶ್ನೆಯು ಸಾವಿರಾರು ಮನೆಗಳಲ್ಲಿ ಏಳುತ್ತದೆ. ಗುರುವೃತ್ತಿಯನ್ನು ಹಣದ ತಕ್ಕಡಿಯಲ್ಲಿ ತೂಗುವುದು ಅನುಚಿತವೆಂದು ಕೆಲವು ಮಹನೀಯರು ಹೇಳುವುದುಂಟು. ಆ ಮಾತಿಗೆ ನಾವು ತಲೆಬಾಗುತ್ತೇವೆ. ಆದರೆ ಕಂತಿನ ದಿನ ಬಂದಾಗ ಬ್ಯಾಂಕಿನವರು ಗುರುವೃತ್ತಿಯ ಪಾವಿತ್ರ್ಯವನ್ನು ಜಮಾ ಹಿಡಿಯುವುದಿಲ್ಲ. ಆದಕಾರಣ ಈ ಲೆಕ್ಕವನ್ನು ವಾಚಕರ ಮುಂದೆ ಬಿಚ್ಚಿಡುವುದು ನಮ್ಮ ಕರ್ತವ್ಯವಾಗಿದೆ.

ಮೊದಲು ಖರ್ಚಿನ ಬಾಬು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನವರು 2014ರಲ್ಲಿ ಹೊಸ ನಿಬಂಧನೆಗಳನ್ನು ರಚಿಸಿ, ಅದುವರೆಗೆ ಒಂದು ವರ್ಷದ್ದಾಗಿದ್ದ ಬಿ.ಎಡ್. ವ್ಯಾಸಂಗವನ್ನು 2015ರಿಂದ ಎರಡು ವರ್ಷಗಳಿಗೆ ವಿಸ್ತರಿಸಿದರು. ಶಿಕ್ಷಕನ ತರಬೇತಿ ಗಟ್ಟಿಯಾಗಲೆಂಬ ಉದ್ದೇಶವು ಸ್ತುತ್ಯರ್ಹವೇ ಸರಿ. ಆದರೆ ಶುಲ್ಕ, ವಸತಿ, ಊಟಗಳ ಭಾರವೂ ಅದರೊಡನೆ ಬೆಳೆಯಿತು. ಯಾವ ರಸೀದಿಯಲ್ಲಿಯೂ ಕಾಣದ ಇನ್ನೊಂದು ಖರ್ಚುಂಟು: ತಿಂಗಳಿಗೆ 10,000 ರೂಪಾಯಿ ದುಡಿಯಬಲ್ಲ ತರುಣನು ಎರಡು ವರ್ಷ ಓದಿಗೆ ಕುಳಿತರೆ 2,40,000 ರೂಪಾಯಿಗಳ ಗಳಿಕೆಯನ್ನು ಕಳೆದುಕೊಂಡಂತಾಯಿತು.

ಇನ್ನು ಸಾಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿಗಳವರೆಗೆ ಆಸ್ತಿಯ ಅಡಮಾನ ಬೇಕಿಲ್ಲ. ವ್ಯಾಸಂಗ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಕಂತು ನಿಂತರೂ ಬಡ್ಡಿ ನಿಲ್ಲದೆಂಬುದನ್ನು ಮಾತ್ರ ಅನೇಕರು ಮರೆಯುತ್ತಾರೆ. ಉದಾಹರಣೆಗಾಗಿ ಒಬ್ಬ ವಿದ್ಯಾರ್ಥಿನಿಯು ವರ್ಷಕ್ಕೆ 75,000ದಂತೆ 1,50,000 ರೂಪಾಯಿಗಳನ್ನು ಶೇಕಡಾ 10ರ ಬಡ್ಡಿಗೆ ತಂದಳೆಂದು ಎಣಿಸೋಣ. ಸರಳ ಬಡ್ಡಿ ಹಿಡಿದರೂ ಮೊದಲ ಕಂತಿನ ಹೊತ್ತಿಗೆ ಆ ಸಾಲವು 1,87,500 ಆಗಿರುತ್ತದೆ. ಐದು ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 4,000 ರೂಪಾಯಿ. ಒಟ್ಟಿನಲ್ಲಿ ಒಂದೂವರೆ ಲಕ್ಷಕ್ಕೆ ಸುಮಾರು 2,39,000 ರೂಪಾಯಿ ಕಟ್ಟಿದಂತಾಯಿತು.

ಈಗ ಆದಾಯದ ಬಾಬು. ಖಾಯಂ ನೇಮಕ ದೊರೆತವನಿಗೆ ವೇತನಶ್ರೇಣಿಯುಂಟು, ತುಟ್ಟಿಭತ್ಯೆಯುಂಟು. ಅವನ ಸಾಲವು ಸುಲಭವಾಗಿ ತೀರುತ್ತದೆ. ಆದರೆ ನೇಮಕದ ದಾರಿಯನ್ನು ಕಾಯುವವರ ಪಾಲಿಗೆ ಸಿಕ್ಕುವುದು ಖಾಸಗಿ ಶಾಲೆಯ ಅಲ್ಪ ಸಂಬಳ, ಇಲ್ಲವೆ ಸರಕಾರಿ ಶಾಲೆಯ ‘ಅತಿಥಿ ಶಿಕ್ಷಕ’ನೆಂಬ ಬಿರುದು. 2025ರಲ್ಲಿ ಗೌರವಧನವನ್ನು ಎರಡು ಸಾವಿರದಷ್ಟು ಏರಿಸಿದ ಮೇಲೆಯೂ ಕರ್ನಾಟಕದ ಪ್ರೌಢಶಾಲೆಯ ಅತಿಥಿ ಶಿಕ್ಷಕನಿಗೆ ನಿಗದಿಯಾದದ್ದು ತಿಂಗಳಿಗೆ 12,500 ರೂಪಾಯಿ. ಬೇಸಗೆಯ ರಜೆ ಕಳೆದು ಹತ್ತು ತಿಂಗಳೆಂದರೆ 1,25,000. ಅದರಲ್ಲಿ ಕಂತಿನ 48,000 ಹೋದರೆ ಉಳಿಯುವುದು ತಿಂಗಳಿಗೆ ಸರಾಸರಿ 6,400. ಅತಿಥಿಗೆ ಮೊದಲು ಎಲೆ ಹಾಕುವುದು ಈ ನಾಡಿನ ಪದ್ಧತಿ. ಸರಕಾರದ ಅತಿಥಿಗೆ ಮಾತ್ರ ಕೊನೆಯ ಪಂಕ್ತಿ!

ಇದರ ಮೇಲೆ ನಿಯಮಗಳ ಚಂಚಲತೆ. ಬಿ.ಎಡ್. ಪಡೆದವರೂ ಪ್ರಾಥಮಿಕ ತರಗತಿಗಳಿಗೆ ಅರ್ಹರೆಂದು 2018ರಲ್ಲಿ ಪರಿಷತ್ತು ಪ್ರಕಟಿಸಿತು. 2023ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಚಿಕ್ಕ ಮಕ್ಕಳಿಗೆ ಕಲಿಸಲು ಬೇರೆಯೇ ತರಬೇತಿ ಬೇಕೆಂಬ ತತ್ತ್ವವನ್ನು ನಾವು ಒಪ್ಪುತ್ತೇವೆ. ಆದರೆ ತೆರೆದ ಬಾಗಿಲನ್ನು ನಂಬಿ ಸಾಲ ಮಾಡಿ, ಇನ್ನೂ ನೇಮಕಗೊಳ್ಳದಿದ್ದವರ ನಷ್ಟಕ್ಕೆ ಹೊಣೆ ಯಾರು?

ದೋಷವೆಲ್ಲ ಸರಕಾರದ್ದೇ ಎಂದು ಹೇಳುವುದೂ ನ್ಯಾಯವಾಗದು. 2022ರಲ್ಲಿ ಕರ್ನಾಟಕದಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಪರೀಕ್ಷೆ ನಡೆದಾಗ, ಅಭ್ಯರ್ಥಿಗಳ ಕೊರತೆಯಿಲ್ಲದಿದ್ದರೂ ಹುದ್ದೆಗಳೆಲ್ಲ ತುಂಬಲಿಲ್ಲ. ನ್ಯಾಯಮೂರ್ತಿ ವರ್ಮಾ ಆಯೋಗವು 2012ರಲ್ಲಿಯೇ ಶಿಕ್ಷಕ ತರಬೇತಿಯ ದುರವಸ್ಥೆಯನ್ನು ತೋರಿಸಿಕೊಟ್ಟಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು, ಹತ್ತು ಸಾವಿರಕ್ಕೂ ಮಿಕ್ಕಿದ ಸ್ವತಂತ್ರ ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು ಹಣಕ್ಕೆ ಪದವಿ ಮಾರುತ್ತಿವೆಯೆಂದು ಹೇಳಿತು. ಸಾಲ ನಿಜವಾದದ್ದು, ವಿದ್ಯೆ ಹುಸಿಯಾದದ್ದು ಎಂದಾದರೆ ಅದಕ್ಕಿಂತ ದೊಡ್ಡ ವಂಚನೆ ಮತ್ತಾವುದು?

ಅಮೇರಿಕೆಯವರೂ ಈ ತೊಡಕಿನಿಂದ ಪಾರಾದವರಲ್ಲ. ಆದರೂ ಅಲ್ಲಿ ಎರಡು ಏರ್ಪಾಡುಗಳು ವಿಚಾರಾರ್ಹವಾಗಿವೆ. ಯಾವ ಸಂಸ್ಥೆಯ ಯಾವ ಪದವಿಗೆ ಎಷ್ಟು ಸಾಲ, ಎಷ್ಟು ಸಂಪಾದನೆ ಎಂಬುದನ್ನು ಸರಕಾರವೇ ‘ಕಾಲೇಜ್ ಸ್ಕೋರ್‌ಕಾರ್ಡ್’ ಎಂಬ ಹೆಸರಿನಲ್ಲಿ ಪ್ರಕಟಿಸುತ್ತದೆ. ಬಡವರ ಮಕ್ಕಳು ಓದುವ ಶಾಲೆಗಳಲ್ಲಿ ಸತತವಾಗಿ ಐದು ವರ್ಷ ಕಲಿಸಿದವರಿಗೆ ಸರಕಾರಿ ಸಾಲದಲ್ಲಿ 5,000 ಡಾಲರುಗಳವರೆಗೆ, ಪ್ರೌಢಶಾಲೆಯ ಗಣಿತ ವಿಜ್ಞಾನಗಳ ಶಿಕ್ಷಕರಿಗೂ ವಿಶೇಷ ಶಿಕ್ಷಣದ ಶಿಕ್ಷಕರಿಗೂ 17,500 ಡಾಲರುಗಳವರೆಗೆ ಮನ್ನಾ ದೊರೆಯುತ್ತದೆ. ಸೇವೆಯೇ ಅಲ್ಲಿ ಕಂತಿನ ಒಂದು ಭಾಗವಾಯಿತು.

ಸಂಪಾದನೆಯೊಂದನ್ನೇ ಅಳೆದು, ಬಿ.ಎಡ್. ಪದವಿಯೇ ನಿರರ್ಥಕವೆಂದು ತೀರ್ಪು ಕೊಡುವುದು ಅವಿವೇಕ. ವೈದ್ಯನೂ ವಕೀಲನೂ ಇಂಜಿನಿಯರನೂ ಮೊದಲು ಒಬ್ಬ ಶಿಕ್ಷಕನ ಕೈಯಲ್ಲಿಯೇ ಅಕ್ಷರ ತಿದ್ದಿದವರು. ಅದರ ಫಲವು ಶಿಕ್ಷಕನ ಸಂಬಳದ ಪಟ್ಟಿಯಲ್ಲಿ ಕಾಣುವುದಿಲ್ಲ. ಫಲವನ್ನು ಸಮಾಜವೆಲ್ಲವೂ ಉಣ್ಣುತ್ತಿರಲು, ಸಾಲವನ್ನು ಮಾತ್ರ ಒಬ್ಬ ಒಕ್ಕಲಿಗನ ಮಗಳೋ ನೇಕಾರನ ಮಗನೋ ಹೊರಬೇಕೆಂಬುದು ಯಾವ ಧರ್ಮ?

ಆದುದರಿಂದ ನಮ್ಮ ಸೂಚನೆಗಳಿವು. ಪ್ರತಿಯೊಂದು ಶಿಕ್ಷಣ ಮಹಾವಿದ್ಯಾಲಯವೂ ತನ್ನಲ್ಲಿ ಕಲಿತವರಲ್ಲಿ ಎಷ್ಟು ಜನ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾದರು, ಎಷ್ಟು ಜನರಿಗೆ ಯಾವ ಸಂಬಳದ ಕೆಲಸ ದೊರೆಯಿತೆಂಬುದನ್ನು ಪ್ರವೇಶಕ್ಕೆ ಮೊದಲೇ ಪ್ರಕಟಿಸಲಿ. ಸರಕಾರಿ ಶಾಲೆಯಲ್ಲಿ ಕಲಿಸಿದ ಪ್ರತಿಯೊಂದು ವರ್ಷಕ್ಕೂ ಸಾಲದ ಒಂದು ಪಾಲನ್ನು ಸರಕಾರವು ತಾನೇ ತೀರಿಸಲಿ. ಅತಿಥಿ ಶಿಕ್ಷಕರನ್ನು ಇದರಿಂದ ಹೊರಗಿಡದಿರಲಿ. ಎಲ್ಲಕ್ಕೂ ಮಿಗಿಲಾಗಿ, ಖಾಲಿ ಹುದ್ದೆಗಳನ್ನು ಕಾಲಕಾಲಕ್ಕೆ ಖಾಯಂ ನೇಮಕದಿಂದ ತುಂಬಲಿ.

ಅಲ್ಲಿಯವರೆಗೆ ತಾಯಿತಂದೆಗಳಿಗೆ ನಮ್ಮ ಬಿನ್ನಹವಿಷ್ಟೆ: ಮಕ್ಕಳು ಶಿಕ್ಷಕರಾಗಬೇಕೆಂದರೆ ತಡೆಯಬೇಡಿರಿ; ಆದರೆ ಸಾಲಪತ್ರಕ್ಕೆ ಸಹಿ ಹಾಕುವ ಮುನ್ನ, ಅತಿಥಿ ಶಿಕ್ಷಕನ ಆದಾಯದಲ್ಲಿಯೂ ಕಂತು ತೀರೀತೇ ಎಂದು ಎಣಿಸಿ ನೋಡಿರಿ. ತೀರಲಾರದೆಂದು ಕಂಡರೆ ಕಡಿಮೆ ಶುಲ್ಕದ ಸರಕಾರಿ ವಿದ್ಯಾಲಯವನ್ನು ಹುಡುಕಿರಿ. ತಿಂಗಳ ಕೊನೆಯಲ್ಲಿ ಬ್ಯಾಂಕಿನ ನೋಟೀಸನ್ನು ಜೇಬಿನಲ್ಲಿಟ್ಟುಕೊಂಡು ಕರಿಹಲಗೆಯ ಮುಂದೆ ನಿಂತ ಗುರುವಿನಿಂದ ನಿರ್ಭಯವಾದ ವಿದ್ಯೆಯನ್ನು ನಾಡು ಅಪೇಕ್ಷಿಸಲಾಗದು.