ಎರೆಮಣ್ಣಿನ ಮೇಲೆ ಮನೆ

ಕಳೆದ ಬೇಸಿಗೆಯಲ್ಲಿ ಡಾಲಸ್‌ನ ಮಿತ್ರರೊಬ್ಬರು ತಾವು ಕೊಳ್ಳಬೇಕೆಂದಿದ್ದ ಮನೆ ನೋಡಲು ನಮ್ಮನ್ನೂ ಕರೆದೊಯ್ದರು. ನಾನು ರಸಾಯನಶಾಸ್ತ್ರದವನು, ಇಂಜಿನಿಯರ್ ಅಲ್ಲ. ಆದರೂ "ಡಾಕ್ಟ್ರು ಒಮ್ಮೆ ನೋಡಲಿ" ಎಂದರು. ಬಾಗಿಲ ಮೂಲೆಯಿಂದ ಗೋಡೆಯ ಮೇಲೆ ಓರೆಯಾಗಿ ಬಿರುಕು ಹತ್ತಿತ್ತು. ಹಿತ್ತಲಿನ ಕರಿನೆಲ ಕಂಡೊಡನೆ ನವಲಗುಂದದ ಕಡೆಯವರಾದ ನನ್ನ ಶ್ರೀಮತಿ, "ಏನ್ರೀ, ಇದು ನಮ್ಮ ಕಡೀ ಎರಿ ಮಣ್ಣು ಇದ್ಧಾಂಗ ಅದ!" ಎಂದರು.

ಮಾತು ನಿಜ. ಎರಡೂ ಹತ್ತಿ ಬೆಳೆದ ನೆಲ. ಎರಡರಲ್ಲೂ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ. ಇದರ ಕಣವೆಂದರೆ ತೆಳು ಹಾಳೆಗಳ ಕಟ್ಟು. ಹಾಳೆಗಳ ನಡುವಿನ ಹಿಡಿತ ಸಡಿಲ. ನೀರು ನುಗ್ಗಿದರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗಿ ಬಾಯಿಬಿಡುತ್ತದೆ. ನೆಲವೆಲ್ಲ ಒಂದೇ ಸಮನೆ ಉಬ್ಬಿದರೆ ಅಷ್ಟು ಭಯವಿಲ್ಲ. ಒಂದು ಮೂಲೆ ಏರಿ ಇನ್ನೊಂದು ಇಳಿದರೆ ಗೋಡೆ ಸೀಳುತ್ತದೆ. ಆ ಮನೆಯ ಒಂದು ಬದಿಗೆ ನೀರು ಹೀರುವ ದೊಡ್ಡ ಓಕ್ ಮರ. ಇನ್ನೊಂದು ಬದಿಗೆ ಸೂರಿನ ನೀರೆಲ್ಲ ತಳಪಾಯದ ಬುಡಕ್ಕೆ!

ಇಂಥ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ರೂಪಿಸಿದರು. ಸಾಮಾನ್ಯವಾಗಿ ಅವು 3.5 ಮೀಟರಿನಷ್ಟಾದರೂ ಇಳಿದು, ಮಳೆ ಬಿಸಿಲು ಅಷ್ಟಾಗಿ ತಟ್ಟದ ಮಣ್ಣನ್ನು ಹಿಡಿಯುತ್ತವೆ. ಮೇಲಿನ ತೊಲೆಗೂ ಮಣ್ಣಿಗೂ ಮಧ್ಯೆ ಸಂದು ಬಿಡುತ್ತಾರೆ. ಉಬ್ಬುವ ಮಣ್ಣಿಗೆ ಜಾಗ ಬೇಕಲ್ಲ! ಇಲ್ಲಿಯ ಹೊಸ ಮನೆಗಳಿಗೆ ಉಕ್ಕಿನ ಕೇಬಲ್ ಬಿಗಿದ ಕಾಂಕ್ರೀಟ್ ಹಾಸೇ ಹೆಚ್ಚು. ಅದು ಗಟ್ಟಿಯೇ, ಆದರೆ ಸುತ್ತಲಿನ ತೇವವನ್ನು ಮನೆಯವರೇ ಸಮನಾಗಿ ಕಾಯಬೇಕು.

ಇಂಜಿನಿಯರರಿಂದ ಹಾಸಿನ ಮಟ್ಟ ಅಳೆಸಿದ ಮೇಲೆ ಮಿತ್ರರು ಆ ಮನೆ ಬಿಟ್ಟರು. ಅಡಿಗೆಮನೆ ಬಹಳ ಚೆನ್ನಾಗಿತ್ತೆಂದು ಅವರ ಶ್ರೀಮತಿಯವರಿಗೆ ನನ್ನ ಮೇಲೆ ಇನ್ನೂ ಮುನಿಸು.