ನೀಲಿ ಗೆರೆ ಬಿಟ್ಟು ನಡೆದ ಭಾನುವಾರ

ತುಮಕೂರು ಕಡೆಯವರಿಗೆ ಬೆಂಗಳೂರು ದೂರದ ಊರಲ್ಲ. ಹೆಚ್ಚುಕಮ್ಮಿ 70 ಕಿಲೋಮೀಟರ್. ಮದುವೆ ಸೀರೆಗೆ, ಆಸ್ಪತ್ರೆಗೆ, ಪರೀಕ್ಷೆ ಬರೆಯೋಕೆ ಅಂತ ಚಿಕ್ಕಂದಿನಿಂದ ಬಂದು ಹೋಗಿರ್ತೀವಿ. ಹಾಗಾಗಿ ಕೆಲಸ ಸಿಕ್ಕಿ, ಬ್ಯಾಗ್ ಹೊತ್ತು ಬಂದಾಗ ನಮ್ಮನ್ನ ಯಾರೂ ಹೊಸಬರು ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಕಷ್ಟ ಶುರುವಾಗೋದೇ ಅಲ್ಲಿ.

ಕುಣಿಗಲ್‌ನ ನನ್ನ ಚಿಕ್ಕಮ್ಮನ ಮಗಳು ವೈಟ್‌ಫೀಲ್ಡ್‌ನಲ್ಲಿ ಪಿ.ಜಿ. ಸೇರಿ ಆರು ತಿಂಗಳಾಗಿತ್ತು. ಕೆಲಸ ಚೆನ್ನಾಗಿದೆ, ಸಂಬಳ ಟೈಮಿಗೆ ಬರುತ್ತೆ. ಆದರೂ ಒಂದು ರಾತ್ರಿ ಫೋನ್ ಮಾಡಿ, "ಅಕ್ಕಾ, ಕೆಲಸ ಬಿಟ್ಟು ಊರಿಗೆ ಹೋಗ್ತೀನಿ" ಅಂದಳು. ಯಾಕೆ ಅಂದರೆ, "ಇಲ್ಲಿ ಯಾವುದು ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಹತ್ತಿದರೆ ಕ್ಯಾಬ್, ಇಳಿದರೆ ಆಫೀಸು. ಮಧ್ಯೆ ಏನಿದೆಯೋ ದೇವರೇ ಬಲ್ಲ."

ಕುಣಿಗಲ್‌ನಲ್ಲಿ ಕೆರೆ ಯಾವ ಕಡೆ, ಸ್ಟಡ್ ಫಾರ್ಮ್ ಯಾವ ಕಡೆ ಅಂತ ಕಣ್ಣು ಮುಚ್ಚಿ ಹೇಳೋ ಹುಡುಗಿ ಅವಳು. ಫೋನಿನ ಮ್ಯಾಪ್ ಅವಳನ್ನ ದಿನಾ ಸರಿಯಾದ ಜಾಗಕ್ಕೆ ಮುಟ್ಟಿಸಿತ್ತು. ಊರನ್ನ ಮಾತ್ರ ಪರಿಚಯ ಮಾಡಿಸಿರಲಿಲ್ಲ. ನೀಲಿ ಗೆರೆ ಹಿಡಿದು ಹೋಗುವವರಿಗೆ ಅಕ್ಕಪಕ್ಕ ನೋಡೋ ಅಗತ್ಯವೇ ಬೀಳಲ್ಲವಲ್ಲ.

ಮುಂದಿನ ಭಾನುವಾರ ನೇರಳೆ ಮಾರ್ಗದ ಮೆಟ್ರೋ ಹತ್ತಿ ಬಾ ಅಂದೆ. ಮೆಜೆಸ್ಟಿಕ್‌ನಲ್ಲಿ ಸಿಕ್ಕಳು. "ಈ ಬಸ್ ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆ ಅಂಗಳದಲ್ಲಿ" ಅಂದೆ. ಕೆರೆ ಅಂದ ಕೂಡಲೇ ಕಿವಿ ನೆಟ್ಟಗಾಯಿತು. ಅಲ್ಲಿಂದ ಹಸಿರು ಮಾರ್ಗದಲ್ಲಿ ಒಂದೇ ಸ್ಟೇಷನ್, ಚಿಕ್ಕಪೇಟೆ. ಮೆಟ್ಟಿಲು ಹತ್ತಿ ಮೇಲೆ ಬಂದು, ಫೋನ್ ಬ್ಯಾಗಿಗೆ ಹಾಕಿಸಿದೆ.

ಪೇಟೆಯ ಗಲ್ಲಿ ಜಾಲ ನೋಡಿದರೆ ಯಾರಿಗೂ ತಲೆ ತಿರುಗುತ್ತೆ. ಆದರೆ ಅದರ ಬೆನ್ನೆಲುಬು ಬರೀ ಎರಡು ಬೀದಿ. ದೊಡ್ಡಪೇಟೆ, ಅಂದರೆ ಈಗಿನ ಅವೆನ್ಯೂ ರಸ್ತೆ, ಉತ್ತರ ದಕ್ಷಿಣಕ್ಕೆ: ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ಕೆ.ಆರ್. ಮಾರ್ಕೆಟ್ ಕಡೆಗೆ. ಅದನ್ನ ಅಡ್ಡ ಕತ್ತರಿಸೋದು ಚಿಕ್ಕಪೇಟೆ, ಪೂರ್ವ ಪಶ್ಚಿಮಕ್ಕೆ. ಕೆಂಪೇಗೌಡರು 1537ರಲ್ಲಿ ಊರು ಕಟ್ಟುವಾಗ ಈ ಕೂಡುರಸ್ತೆಯಿಂದಲೇ ನಾಲ್ಕು ದಿಕ್ಕಿಗೂ ಎತ್ತು ಹೂಡಿ ಗೆರೆ ಎಳೆಸಿದರು ಅಂತ ಕಥೆ. ಈ ಕೂಡಿಸೋ ಗುರುತು ತಲೆಯಲ್ಲಿದ್ದರೆ ಸಾಕು, ಯಾವ ಗಲ್ಲಿಗೆ ನುಗ್ಗಿದರೂ ಎರಡರಲ್ಲಿ ಒಂದಕ್ಕೆ ವಾಪಸ್ ಬಂದು ಬೀಳಬಹುದು.

"ಆ ಕೆಂಪೇಗೌಡರ ಹುಲಿಯೂರುದುರ್ಗ, ಹುತ್ರಿದುರ್ಗ ಎರಡೂ ನಿಮ್ಮ ತಾಲ್ಲೂಕೇ ಕಣೇ" ಅಂದಿದ್ದಕ್ಕೆ, "ಹಾಗಾದ್ರೆ ನಾನೇ ಹಳಬಳು" ಅಂತ ನಕ್ಕಳು. ಆರು ತಿಂಗಳಲ್ಲಿ ಅವಳು ನಕ್ಕಿದ್ದು ಕೇಳಿದ್ದು ಅವತ್ತೇ.

ಆಮೇಲೆ ಹೆಸರುಗಳೇ ದಾರಿ ಹೇಳಿದವು. ಅಕ್ಕಿಪೇಟೆ, ರಾಗಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಬಳೇಪೇಟೆಯಲ್ಲಿ ಬಳೆ ಹುಡುಕಿಕೊಂಡು ಹೋದರೆ ತಬಲಾ, ವೀಣೆ ಅಂಗಡಿಗಳೂ ಸಿಗುತ್ತವೆ. ದಾರಿ ಕೇಳೋ ಕೆಲಸ ಪೂರ್ತಿ ಅವಳಿಗೇ ಬಿಟ್ಟಿದ್ದೆ. ಮೊದಲ ಸಲ ದನಿಯೇ ಏಳಲಿಲ್ಲ. ನಾಲ್ಕನೇ ಅಂಗಡಿ ಹೊತ್ತಿಗೆ "ಅಣ್ಣಾ, ಮಾರ್ಕೆಟ್‌ಗೆ ಹಿಂಗೆ ಹೋದ್ರೆ ಹತ್ರಾನಾ, ಹಂಗೆ ಹೋದ್ರೆ ಹತ್ರಾನಾ?" ಅಂತ ನಮ್ಮ ಕಡೆ ರಾಗದಲ್ಲೇ ಕೇಳ್ತಿದ್ದಳು. ಅಂಗಡಿಯವರು ಎದ್ದು ಬಂದು ಕೈ ತೋರಿಸಿದರು.

ಒಂದು ಭಾನುವಾರಕ್ಕೆ ಎಲ್ಲ ಸರಿಹೋಯಿತು ಅಂತ ಹೇಳೋಕೆ ಬರಲ್ಲ. ಊರಿಗೆ ಹೋಗೋ ಮಾತು ಆಗಾಗ ಬರುತ್ತೆ. ಆದರೆ ಕಳೆದ ತಿಂಗಳು ಚಿಕ್ಕಮ್ಮನನ್ನ ಸೀರೆ ಅಂಗಡಿಗೆ ಕರೆದುಕೊಂಡು ಹೋದವಳು ಅವಳೇ. ನನ್ನನ್ನ ಕರೀಲೇ ಇಲ್ಲ!

ನೀವೂ ಹೊಸದಾಗಿ ಬಂದಿದ್ದರೆ ಇಡೀ ಬೆಂಗಳೂರನ್ನ ಒಂದೇ ಸಲ ಕಲಿಯೋಕೆ ಹೋಗಬೇಡಿ. ಊರಿನ ದಾರಿಯ ತುದಿ ಹಿಡಿದು ಶುರು ಮಾಡಿ. ಗುಬ್ಬಿ ರೈಲೂ ಕುಣಿಗಲ್ ರೈಲೂ ಚಿಕ್ಕಬಾಣಾವರ ದಾಟಿ ಯಶವಂತಪುರಕ್ಕೆ ಬರುತ್ತವೆ, ಪಕ್ಕದಲ್ಲೇ ಮೆಟ್ರೋ. ತುಮಕೂರು ಬಸ್ಸಿನವರಿಗೆ 2024ರ ನವೆಂಬರ್‌ನಿಂದ ಮಾದಾವರದಲ್ಲೇ ಮೆಟ್ರೋ ಸಿಗ್ತಿದೆ. ಅಲ್ಲಿಂದ ಸಂಪಿಗೆ ರಸ್ತೆವರೆಗೂ ರೈಲು ನೆಲದ ಮೇಲೇ ಓಡುತ್ತೆ, ಕಿಟಕಿ ಪಕ್ಕ ನಿಂತು ಕೆಳಗೆ ನೋಡಿ. ವಾರಕ್ಕೊಂದು ಸ್ಟೇಷನ್‌ನಲ್ಲಿ ಇಳಿದು, ಬೆಳಕಿರುವಾಗಲೇ ಒಂದು ಗಂಟೆ ನಡೆಯಿರಿ. ಹೋಗುವಾಗ ಮ್ಯಾಪ್ ನೋಡಿ, ಬರುವಾಗ ಬಾಯಿ ಬಿಟ್ಟು ಕೇಳಿ. ಮುಂದಿನ ಸಲ ಅದೇ ರಸ್ತೆಯಲ್ಲಿ ಬೇರೆ ಯಾರಾದರೂ ನಿಮ್ಮನ್ನ ದಾರಿ ಕೇಳಬಹುದು. ಸ್ವಲ್ಪ ನಿಂತು, ಕೈ ತೋರಿಸಿ ಹೇಳಿ.