ಗುಡುಗಿಗೆ ಹೆದರುವ ನಾಯಿ ಹೇಡಿಯಲ್ಲ

ಕಾವಲು ನಾಯಿ ಗುಡುಗಿಗೋ ಪಟಾಕಿಗೋ ಹೆದರಿದರೆ ನಮ್ಮ ಕಡೆ ಜನ ಎರಡು ಮಾತು ಹೇಳುತ್ತಾರೆ. ಒಂದು, 'ಇದು ಹೇಡಿ ನಾಯಿ, ಎಲ್ಲಾದರೂ ಬಿಟ್ಟು ಬಾ'. ಇನ್ನೊಂದು, 'ಸರಪಳಿ ಹಾಕಿ ಕಟ್ಟು, ಎಲ್ಲಿ ಹೋಗುತ್ತೆ ನೋಡೋಣ'. ಎರಡೂ ತಪ್ಪು ಅಂತ ನನ್ನ ಅಭಿಪ್ರಾಯ. ಮೊದಲನೆಯದರಿಂದ ಒಳ್ಳೇ ನಾಯಿ ಕಳೆದುಕೊಳ್ತೀವಿ. ಎರಡನೆಯದರಿಂದ ನಾಯಿಯ ಜೀವಕ್ಕೇ ಸಂಚಕಾರ.

ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿನ ಖುಷ್ಕಿ ರೈತರಿಗೆ ನಾಯಿ ಶೋಕಿಯ ಪ್ರಾಣಿಯಲ್ಲ. ಹೊಲಕ್ಕೆ ಹಂದಿ ನುಗ್ಗಿದರೆ ಮೊದಲು ಕೂಗುವುದು ಅದು. ಕುರಿ ರೊಪ್ಪದ ಹತ್ತಿರ ಚಿರತೆ ಸುಳಿದರೂ ಅದೇ. 2019ರ ಕೊನೆಯಲ್ಲಿ ಮತ್ತು 2020ರ ಮೊದಲಲ್ಲಿ ಈ ಮೂರು ತಾಲ್ಲೂಕು ಸೇರುವ ಕಡೆಯ ಹಳ್ಳಿಗಳಲ್ಲಿ ಚಿರತೆ ಮನುಷ್ಯರನ್ನೇ ಕೊಂದದ್ದು ಯಾರೂ ಮರೆತಿಲ್ಲ. ಅಂಥ ಸೀಮೆಯಲ್ಲಿ ರಾತ್ರಿ ಗಾಬರಿ ಬಿದ್ದು ಓಡಿದ ನಾಯಿ ಚಿರತೆಯ ಬಾಯಿಗೆ ಹೋದ ಹಾಗೇ. ಅಂಗಳದಲ್ಲಿ ಸರಪಳಿಗೆ ಸಿಕ್ಕಿಕೊಂಡ ನಾಯಿಯ ಗತಿಯೂ ಅಷ್ಟೇ.

ನಮ್ಮಲ್ಲಿ ಸದ್ದಿನ ಕಾಲ ಎರಡು. ಯುಗಾದಿ ಕಳೆದ ಮೇಲೆ ಭರಣಿ, ಕೃತ್ತಿಕೆ ಮಳೆಗಳು ಗುಡುಗು ಸಿಡಿಲಿನ ಜೊತೆಗೇ ಬರುತ್ತವೆ. ಆಮೇಲೆ ಹಿಂಗಾರಿನ ಚಿತ್ತೆ, ಸ್ವಾತಿ. ದೀಪಾವಳಿ ಬರುವುದೂ ಅದೇ ಹೊತ್ತಿಗೆ. ಮೇಲೆ ಗುಡುಗು, ಕೆಳಗೆ ಪಟಾಕಿ. ಹೊಲದಲ್ಲಿ ರಾಗಿ ತೆನೆ ಕಟ್ಟಿರುತ್ತೆ, ಹಂದಿ ಕಾಟ ಜೋರಾಗಿರುತ್ತೆ. ನಾಯಿ ಯಾವಾಗ ಹೆಚ್ಚು ಬೇಕೋ ಆವಾಗಲೇ ಅದು ಕೆಲಸಕ್ಕೆ ಬಾರದ ಹಾಗೆ ಆಗುತ್ತೆ. ಶಿವರಾತ್ರಿಯಿಂದಾಚೆಗೆ ಊರೂರಿನ ಜಾತ್ರೆ, ಮದುವೆಗಳ ಮದ್ದು ಬೇರೆ.

ಅದಕ್ಕೆ ಕೇಳಿಸುವುದು ಬೇರೆ

ನಾಯಿಯ ಕಿವಿ ನಮ್ಮ ಕಿವಿಯಂತಲ್ಲ. ಸೆಕೆಂಡಿಗೆ ಹೆಚ್ಚೆಂದರೆ 20 ಸಾವಿರ ಕಂಪನದ ಸದ್ದು ನಮಗೆ ಕೇಳಿಸಿದರೆ, ನಾಯಿಗೆ 45 ಸಾವಿರದವರೆಗೂ ಕೇಳಿಸುತ್ತೆ. ದೂರದ ಸಣ್ಣ ಸದ್ದೂ ಅದಕ್ಕೆ ಗೊತ್ತಾಗುತ್ತೆ. ಈ ಕಿವಿ ಇದೆ ಅಂತಲೇ ಅದನ್ನು ಕಾವಲಿಗೆ ಇಟ್ಟುಕೊಂಡಿದ್ದೀವಿ. ಹಂದಿಯ ಹೆಜ್ಜೆ ಕೇಳಿಸಿಕೊಳ್ಳುವ ಕಿವಿಯ ಪಕ್ಕದಲ್ಲಿ ಆಟಂಬಾಂಬು ಹೊಡೆದು, ಹೆದರಬೇಡ ಅಂದರೆ ಹೇಗೆ?

ಕಳ್ಳನಾದರೆ ಮೇಲೆ ಬೀಳಬಹುದು, ಹಂದಿಯಾದರೆ ಅಟ್ಟಬಹುದು. ಆಕಾಶದಲ್ಲಿ ಸಿಡಿಯುವುದನ್ನು ಏನು ಮಾಡುವುದು? ಎಲ್ಲಿಂದ ಬಂತು, ಯಾವಾಗ ನಿಲ್ಲುತ್ತೆ ತಿಳಿಯಲ್ಲ. ಅದಕ್ಕೇ ಓಡುತ್ತೆ. ಚಿರತೆಗೆ ಎದುರು ನಿಂತ ನಾಯಿಯೂ ಗುಡುಗಿಗೆ ಮಂಚದ ಕೆಳಗೆ ಸೇರಬಹುದು. ಅದು ಹೇಡಿತನವಲ್ಲ.

ಹೆದರಿಕೆ ಶುರುವಾದದ್ದು ನೋಡಿದರೇ ಗೊತ್ತಾಗುತ್ತೆ. ಬಾಲ ಕಾಲ ಸಂದಿಗೆ ಹೋಗುತ್ತೆ, ಮೈ ನಡುಗುತ್ತೆ, ಬಿಸಿಲಿಲ್ಲದಿದ್ದರೂ ಏದುಸಿರು ಬಿಡುತ್ತೆ, ಜೊಲ್ಲು ಸುರಿಸುತ್ತೆ, ನೆಲ ಕೆರೆಯುತ್ತೆ. ಮುದ್ದೆ ಇಟ್ಟರೂ ಮೂಸುವುದಿಲ್ಲ. ಆಗ ಬೈದು ಹೊಡೆದರೆ ಸದ್ದಿನ ಹೆದರಿಕೆಯ ಜೊತೆ ಯಜಮಾನನ ಹೆದರಿಕೆಯೂ ಸೇರುತ್ತೆ. ಮುದ್ದು ಮಾಡಿದರೆ ಹೆದರಿಕೆ ಹೆಚ್ಚುತ್ತೆ ಅನ್ನುವವರಿದ್ದಾರೆ. ಅದು ನಿಜವಲ್ಲ. ಹೆದರಿದ ಮಗುವನ್ನು ಹತ್ತಿರ ಕೂರಿಸಿಕೊಂಡರೆ ಮಗು ಕೆಡುವುದಿಲ್ಲ, ನಾಯಿಯೂ ಕೆಡುವುದಿಲ್ಲ. ಪಕ್ಕಕ್ಕೆ ಬಂದರೆ ಮೈ ಸವರಿ. ಅಡಗಿಕೊಂಡರೆ ಎಳೆಯದೆ ಸುಮ್ಮನೆ ಬಿಡಿ.

ಕಾಸು ಖರ್ಚಿಲ್ಲದ ಉಪಾಯ

ನಾಯಿಯನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಎಷ್ಟೋ ಮನೆಗಳಲ್ಲಿ ಒಪ್ಪುವುದಿಲ್ಲ. ಬೇಡ, ಕೊಟ್ಟಿಗೆ ಸಾಕು. ರಾಗಿ ಹುಲ್ಲು ಪೇರಿಸಿದ ಮೂಲೆಯಲ್ಲಿ ನಾಯಿ ನುಸುಳುವಷ್ಟು ಜಾಗ ಬಿಡಿ. ಹುಲ್ಲು ಸದ್ದನ್ನು ಕುಡಿಯುತ್ತೆ. ಬಾಗಿಲಿಗೆ, ಕಿಂಡಿಗೆ ಗೋಣಿಚೀಲ ಇಳಿಬಿಟ್ಟರೆ ಮಿಂಚೂ ಕಾಣಿಸುವುದಿಲ್ಲ. ತಗಡಿನ ಶೀಟು ಹೊದಿಸಿದ ಶೆಡ್ಡು ಮಾತ್ರ ಬೇಡ, ಮಳೆ ಬಿದ್ದರೆ ಅದೇ ತಮಟೆ ಆಗುತ್ತೆ. ರೇಡಿಯೋನೋ ಫ್ಯಾನೋ ಹಾಕಿಟ್ಟರೆ ಹೊರಗಿನ ಸದ್ದು ಸ್ವಲ್ಪ ಮುಚ್ಚುತ್ತೆ.

ಆ ಜಾಗ ಹಬ್ಬದ ದಿನಕ್ಕೆ ಮಾತ್ರ ಅಲ್ಲ. ಹದಿನೈದು ದಿನ ಮೊದಲಿಂದ ಅಲ್ಲೇ ಊಟ ಹಾಕಿದರೆ ಅದು ತನ್ನ ಜಾಗ ಅಂತ ನಾಯಿಗೆ ಅನಿಸುತ್ತೆ. ಪಟಾಕಿ ದಿನ ಹೊತ್ತಿರುವಾಗಲೇ ತಿರುಗಾಡಿಸಿ, ಊಟ ಹಾಕಿ, ಕತ್ತಲಾಗುವ ಮೊದಲೇ ಒಳಗೆ ಸೇರಿಸಿ ಬಾಗಿಲು ಹಾಕಿ.

ಮರಕ್ಕೆ, ಕಂಬಕ್ಕೆ, ಬೇಲಿ ತಂತಿಗೆ ಕಟ್ಟಲೇಬೇಡಿ. ಗಾಬರಿಯಲ್ಲಿ ಜಿಗಿದು ಕೊರಳಿಗೆ ಉರುಳು ಬಿದ್ದು ಸಾಯಬಹುದು. ಮರಕ್ಕೆ ಸಿಡಿಲು ಬಡಿದರೆ ಕೆಳಗಿರುವ ಪ್ರಾಣಿಯೂ ಉಳಿಯುವುದಿಲ್ಲ. ಕೊರಳ ಬೆಲ್ಟಿನ ಮೇಲೆ ಮೊಬೈಲ್ ನಂಬರು ಬರೆದಿಡಿ. ತಪ್ಪಿಸಿಕೊಂಡು ನಾಲ್ಕು ಊರು ದಾಟಿದರೂ ಯಾರಾದರೂ ಫೋನು ಮಾಡ್ತಾರೆ.

ಹೆಚ್ಚು ಹೆದರುವ ನಾಯಿಗೆ ಪಶು ವೈದ್ಯರು ಮಾತ್ರೆ ಕೊಡುತ್ತಾರೆ. ಅದನ್ನು ಸದ್ದು ಶುರುವಾಗುವ ಮೊದಲೇ ಕೊಡಬೇಕು. ಹಬ್ಬಕ್ಕೆ ವಾರ ಮುಂಚೆಯೇ ಆಸ್ಪತ್ರೆಗೆ ಹೋಗಿ ಕೇಳಿ. ಮನುಷ್ಯರ ನಿದ್ದೆ ಮಾತ್ರೆ ನಾವೇ ಮುರಿದು ಕೊಡುವುದು ಅಪಾಯ. ಕೆಲವು ಮಾತ್ರೆಗಳಿಗೆ ಮೈ ಮಾತ್ರ ಸಡಿಲವಾಗುತ್ತೆ, ಒಳಗಿನ ಹೆದರಿಕೆ ಹಾಗೇ ಇರುತ್ತೆ. ಮಲಗಿದೆ ಅಂದ ಮಾತ್ರಕ್ಕೆ ನೆಮ್ಮದಿಯಾಗಿದೆ ಅಂತ ಅಲ್ಲ.

ಮರಿಯಲ್ಲೇ ಒಗ್ಗಿಸಿ

ಕುಣಿಗಲ್ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಹೆಸರಾದದ್ದು. ಯುದ್ಧದ ಕುದುರೆಯನ್ನು ಗುಂಡಿನ ಸದ್ದಿಗೆ ಒಗ್ಗಿಸುವ ಪದ್ಧತಿ ಹಳೆಯದು. ದೂರದಲ್ಲಿ ಸದ್ದು, ಬಾಯಿ ಮುಂದೆ ಮೇವು. ನಾಯಿಗೂ ಇದೇ ಪಾಠ. ಮೂರು ವಾರದಿಂದ ಮೂರು ತಿಂಗಳವರೆಗಿನ ಮರಿ ಹೊಸದನ್ನು ಬೇಗ ಒಪ್ಪಿಕೊಳ್ಳುತ್ತೆ. ಆಗ ದೂರದಿಂದ ತಟ್ಟೆ ಬಡಿಯುವ ಸದ್ದು, ಟ್ರ್ಯಾಕ್ಟರ್ ಸದ್ದು, ತಮಟೆ ಕೇಳಿಸಿ, ಪ್ರತಿ ಸದ್ದಿನ ಹಿಂದೆಯೇ ಬಿಸ್ಕತ್ತೋ ಮೊಟ್ಟೆ ಚೂರೋ ಕೊಡಿ. ಮರಿ ಬೆಚ್ಚಿದರೆ ಇನ್ನೂ ದೂರ ಹೋಗಿ. ದೊಡ್ಡ ನಾಯಿಗೂ ಮೊಬೈಲಿನಲ್ಲಿ ಗುಡುಗಿನ ಸದ್ದು ಸಣ್ಣಗೆ ಹಾಕಿ, ತಿಂಡಿ ಕೊಡುತ್ತಾ, ದಿನಾ ಸ್ವಲ್ಪ ಸ್ವಲ್ಪ ಏರಿಸಬಹುದು. ಇದಕ್ಕೆ ವಾರಗಟ್ಟಲೆ ತಾಳ್ಮೆ ಬೇಕು. 'ಅಭ್ಯಾಸ ಆಗಲಿ' ಅಂತ ಪಕ್ಕದಲ್ಲೇ ಪಟಾಕಿ ಹೊಡೆದರೆ ಹೆದರಿಕೆ ವರ್ಷ ವರ್ಷ ಏರುತ್ತೆ, ಇಳಿಯುವುದಿಲ್ಲ.

ನಮ್ಮ ಕೈಯಲ್ಲೇ ಇರುವುದು

ಗುಡುಗನ್ನು ತಡೆಯಲು ಆಗಲ್ಲ, ಪಟಾಕಿ ತಡೆಯಬಹುದು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದಿನ ಪಟಾಕಿ ಕೂಡದು ಅಂತ ಸುಪ್ರೀಂ ಕೋರ್ಟು 2005ರಲ್ಲೇ ಹೇಳಿದೆ. ದೀಪಾವಳಿಗೆ ರಾತ್ರಿ 8ರಿಂದ 10, ಎರಡೇ ಗಂಟೆ ಅಂತ 2018ರಲ್ಲಿ ಹೇಳಿತು. ಹಳ್ಳಿಯಲ್ಲಿ ಇದನ್ನು ಕೇಳುವವರಿಲ್ಲ. ಹಬ್ಬ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಜಾತ್ರೆ, ಮದುವೆ ಮಾಡುವವರು ಇಂಥ ದಿನ, ಇಷ್ಟು ಹೊತ್ತಿಗೆ ಮದ್ದು ಸುಡ್ತೀವಿ ಅಂತ ಮುಂಚೆ ಸಾರಿಸಿದರೆ ಸಾಕು. ನಾಯಿ ಇರುವವರು ಒಳಗೆ ಕಟ್ಟಿಕೊಳ್ತಾರೆ. ಹಸು, ಕುರಿಗಳಿಗೂ ಒಳ್ಳೇದು. ಬಣವೆಗೆ ಕಿಡಿ ಹಾರದ ಹಾಗೆ ನೋಡಿಕೊಳ್ಳಲೂ ಆಗುತ್ತೆ.

ಇನ್ನು ಹೊಲದ ಮಾತು. ಹಂದಿ ಓಡಿಸಲು ನಾಯಿಯನ್ನು ಪಕ್ಕದಲ್ಲಿಟ್ಟುಕೊಂಡು ಪಟಾಕಿ ಹೊಡೆಯುವುದು ನಮ್ಮ ಕಾವಲನ್ನು ನಾವೇ ಕೆಡಿಸಿಕೊಂಡ ಹಾಗೆ. ಹಂದಿಗಳು ನಾಲ್ಕು ದಿನಕ್ಕೆ ಸದ್ದಿಗೆ ಒಗ್ಗಿಹೋಗುತ್ತವೆ, ನಾಯಿ ಹೊಲದ ಕಡೆ ಬರುವುದನ್ನೇ ಬಿಡುತ್ತೆ. ಹಿಟ್ಟಿನೊಳಗೆ ಸಿಡಿಮದ್ದು ಇಡುವುದಂತೂ ಕಾನೂನಿಗೂ ವಿರೋಧ, ಧರ್ಮಕ್ಕೂ ವಿರೋಧ. ಅದನ್ನು ಕಚ್ಚಿ ದವಡೆ ಒಡೆದುಕೊಳ್ಳುವುದು ಎಷ್ಟೋ ಸಲ ನಾಯಿ, ದನಗಳೇ.

ದುಡಿಯುವ ಎತ್ತಿಗೆ ಬಿಸಿಲಲ್ಲಿ ನೆರಳು ನೋಡ್ತೀವಿ. ರಾತ್ರಿಯೆಲ್ಲಾ ಎಚ್ಚರವಿರುವ ನಾಯಿಗೆ ವರ್ಷದಲ್ಲಿ ಕೆಲವು ದಿನ ಹುಲ್ಲಿನ ಮರೆ ಕೊಡುವುದು ದೊಡ್ಡ ಮಾತಲ್ಲ. ಮುಂದಿನ ಹಬ್ಬಕ್ಕೆ ಮುಂಚೆ ನಿಮ್ಮೂರಿನ ಹಾಲಿನ ಡೇರಿ ಹತ್ತಿರ ನಾಲ್ಕು ಜನ ಸೇರಿದಾಗ ಈ ಮಾತು ಎತ್ತಿ.